ವೇತನ ಶ್ರೇಣಿಯ ಪ್ರಕಟಣೆ: ಸಮಾನ ವೇತನದ ಮೊದಲ ಮೆಟ್ಟಿಲು



ಗಂಡಸಿನ ಸಂಬಳವನ್ನೂ ಹೆಂಗಸಿನ ವಯಸ್ಸನ್ನೂ ಕೇಳಬಾರದು ಎಂಬ ಮಾತು ಕನ್ನಡದ ಮನೆಗಳಲ್ಲಿ ಬಹುಕಾಲದಿಂದ ಬಳಕೆಯಲ್ಲಿದೆ. ಸಂಬಳವೆಂಬುದು ಗಂಡಸಿಗೆ ಮಾತ್ರ ಸೇರಿದ್ದು ಎಂಬ ಭಾವನೆಯಿದ್ದ ಕಾಲದಲ್ಲಿ ಈ ಮಾತು ಹುಟ್ಟಿರಬೇಕು. ಆ ಕಾಲ ಈಗ ಇಲ್ಲ. ಮುಂಬಯಿಯ ಬ್ಯಾಂಕುಗಳಲ್ಲಿ, ಪುಣೆಯ ಕಾರ್ಖಾನೆಗಳಲ್ಲಿ, ಹೈದರಾಬಾದಿನ ಗಣಕಯಂತ್ರ ಸಂಸ್ಥೆಗಳಲ್ಲಿ, ಚೆನ್ನೈಯ ಆಸ್ಪತ್ರೆಗಳಲ್ಲಿ, ದೆಹಲಿಯ ಕಚೇರಿಗಳಲ್ಲಿ ಕನ್ನಡಿಗ ಮಹಿಳೆಯರು ಪುರುಷರ ಸರಿಸಮಾನವಾಗಿ ದುಡಿಯುತ್ತಿದ್ದಾರೆ. ಕಾಲ ಬದಲಾಗಿದ್ದರೂ ಸಂಬಳದ ವಿಷಯ ಎತ್ತಬಾರದೆಂಬ ಸಂಕೋಚ ಮಾತ್ರ ಹಾಗೆಯೇ ಉಳಿದುಕೊಂಡಿದೆ. ಈ ಸಂಕೋಚದಿಂದ ಯಾರಿಗೆ ಲಾಭ, ಯಾರಿಗೆ ನಷ್ಟ ಎಂಬ ಪ್ರಶ್ನೆಯನ್ನು ಜಗತ್ತಿನ ಹಲವು ದೇಶಗಳು ಇತ್ತೀಚಿನ ವರ್ಷಗಳಲ್ಲಿ ಗಂಭೀರವಾಗಿ ಕೇಳಿಕೊಂಡಿವೆ. ಹುದ್ದೆಯೊಂದಕ್ಕೆ ಜನರನ್ನು ಕರೆಯುವ ಉದ್ಯೋಗದಾತನು ಆ ಹುದ್ದೆಯ ವೇತನ ಎಷ್ಟರಿಂದ ಎಷ್ಟರವರೆಗೆ ಎಂಬುದನ್ನು ಮೊದಲೇ ತಿಳಿಸತಕ್ಕದ್ದು ಎಂದು ಕಾನೂನು ಮಾಡಿವೆ. ಈ ಕಾನೂನುಗಳ ಉದ್ದೇಶ, ಅವು ನಡೆಯುವ ಬಗೆ ಮತ್ತು ನಮ್ಮ ದೇಶದ ಕಾನೂನಿನಲ್ಲಿ ಇದಕ್ಕೆ ಇರುವ ಸ್ಥಾನ, ಇವು ಇಂದಿನ ಭಾಷಣದ ವಿಷಯ.

ಅಂಗಡಿಯಲ್ಲಿ ಕೊಳ್ಳುವ ಒಂದು ಉಪ್ಪಿನ ಪೊಟ್ಟಣದ ಮೇಲೂ ಗರಿಷ್ಠ ಮಾರಾಟ ಬೆಲೆ ಅಚ್ಚಾಗಿರುತ್ತದೆ. ರೈಲಿನ ಪ್ರಯಾಣದರ ಎಲ್ಲರಿಗೂ ಒಂದೇ ಪಟ್ಟಿಯಲ್ಲಿ ಲಭ್ಯವಿರುತ್ತದೆ. ಕೃಷಿ ಮಾರುಕಟ್ಟೆಯಲ್ಲಿ ಆಯಾ ದಿನದ ಧಾರಣೆಯನ್ನು ಫಲಕದ ಮೇಲೆ ಬರೆಯಲಾಗುತ್ತದೆ. ಆದರೆ ಮನುಷ್ಯನು ತನ್ನ ಜೀವಮಾನದಲ್ಲಿ ಮಾರುವ ಅತ್ಯಂತ ಬೆಲೆಯುಳ್ಳ ವಸ್ತುವಾದ ಅವನ ದುಡಿಮೆಗೆ ಮಾತ್ರ ಅನೇಕ ಕಡೆ ಬೆಲೆಯ ಚೀಟಿಯೇ ಇರುವುದಿಲ್ಲ. “ಅರ್ಹತೆಗೆ ತಕ್ಕ ಆಕರ್ಷಕ ವೇತನ” ಎಂಬ ಒಂದು ಸಾಲು ಜಾಹೀರಾತಿನಲ್ಲಿರುತ್ತದೆ. ಆಕರ್ಷಣೆ ಎಷ್ಟು ರೂಪಾಯಿಗಳದ್ದು ಎಂಬುದು ಕೆಲಸ ಕೊಡುವವನಿಗೆ ತಿಳಿದಿರುತ್ತದೆ, ಕೆಲಸ ಬೇಡುವವನಿಗೆ ತಿಳಿದಿರುವುದಿಲ್ಲ.

ಇದರ ಪರಿಣಾಮವನ್ನು ಒಂದು ಕಲ್ಪಿತ ಉದಾಹರಣೆಯಿಂದ ಅರಿಯಬಹುದು. ದಾವಣಗೆರೆಯ ಒಬ್ಬ ಯುವತಿ ಪದವಿ ಮುಗಿಸಿ ಪುಣೆಯ ಒಂದು ಕಚೇರಿಗೆ ಸಂದರ್ಶನಕ್ಕೆ ಹೋಗುತ್ತಾಳೆ ಎಂದಿಟ್ಟುಕೊಳ್ಳೋಣ. ಆ ಹುದ್ದೆಗೆ ತಿಂಗಳಿಗೆ 22 ಸಾವಿರದಿಂದ 30 ಸಾವಿರ ರೂಪಾಯಿಗಳವರೆಗೆ ಕೊಡಬಹುದೆಂದು ಸಂಸ್ಥೆ ಒಳಗೊಳಗೇ ನಿಶ್ಚಯಿಸಿದೆ. “ನಿಮ್ಮ ನಿರೀಕ್ಷೆ ಎಷ್ಟು?” ಎಂದು ಸಂದರ್ಶಕರು ಕೇಳುತ್ತಾರೆ. ಊರಿನಲ್ಲಿ ತನ್ನ ಅಣ್ಣ ಪಡೆಯುತ್ತಿರುವ ಸಂಬಳವನ್ನು ನೆನೆದು, ಹೆಚ್ಚು ಕೇಳಿದರೆ ಕೆಲಸವೇ ಕೈತಪ್ಪೀತೆಂದು ಅಳುಕಿ, ಆಕೆ 22 ಸಾವಿರ ಎನ್ನುತ್ತಾಳೆ. ಅದೇ ವಾರ ಅದೇ ಕೆಲಸಕ್ಕೆ ಬಂದ ಯುವಕನೊಬ್ಬನಿಗೆ ಆ ಕಚೇರಿಯಲ್ಲಿಯೇ ಒಬ್ಬ ಸ್ನೇಹಿತನಿದ್ದಾನೆ. ಸ್ನೇಹಿತನಿಂದ ಒಳಗಿನ ಲೆಕ್ಕ ತಿಳಿದ ಆತ 27 ಸಾವಿರ ಕೇಳಿ ಅಷ್ಟನ್ನೇ ಪಡೆಯುತ್ತಾನೆ. ಇಬ್ಬರ ವಿದ್ಯೆ ಒಂದೇ, ಕೆಲಸ ಒಂದೇ. ಒಬ್ಬನಿಗೆ ವಿಷಯ ತಿಳಿದಿತ್ತು, ಇನ್ನೊಬ್ಬಳಿಗೆ ತಿಳಿದಿರಲಿಲ್ಲ ಎಂಬುದೊಂದೇ ಅಂತರ.

ಈ 5 ಸಾವಿರ ರೂಪಾಯಿಗಳ ಅಂತರ ಅಲ್ಲಿಗೇ ನಿಲ್ಲುವುದಿಲ್ಲ. ಇಬ್ಬರಿಗೂ ಪ್ರತಿ ವರ್ಷ ಶೇಕಡ 8ರಂತೆ ಸಮನಾದ ಬಡ್ತಿ ದೊರೆಯಿತೆಂದೇ ಭಾವಿಸಿದರೂ, ಹತ್ತು ಬಡ್ತಿಗಳ ತರುವಾಯ ತಿಂಗಳ ಅಂತರ ಸುಮಾರು 10,800 ರೂಪಾಯಿಗಳಾಗುತ್ತದೆ. ಮೊದಲ ಹತ್ತು ವರ್ಷಗಳಲ್ಲಿ ಆಕೆಗೆ ಒಟ್ಟು ಕಡಿಮೆಯಾದ ಹಣ ಸುಮಾರು 8 ಲಕ್ಷ 69 ಸಾವಿರ ರೂಪಾಯಿಗಳು. ಭವಿಷ್ಯನಿಧಿ, ಉಪದಾನ ಮೊದಲಾದ ಸೌಲಭ್ಯಗಳೂ ವೇತನವನ್ನೇ ಆಧರಿಸಿರುವುದರಿಂದ ನಷ್ಟ ನಿವೃತ್ತಿಯವರೆಗೂ ಹಿಂಬಾಲಿಸುತ್ತದೆ. ಆಕೆ ಮುಂದೆ ಬೇರೆ ಸಂಸ್ಥೆಗೆ ಹೋದರೆ ಅಲ್ಲಿ ಕೇಳುವ ಮೊದಲ ಪ್ರಶ್ನೆ “ಈಗಿನ ಸಂಬಳ ಎಷ್ಟು?” ಎಂಬುದು. ಹೀಗೆ ಒಂದು ಕಡೆ ಆದ ಅನ್ಯಾಯ ಇನ್ನೊಂದು ಕಡೆಗೂ ಆಕೆಯ ಬೆನ್ನಿಗೇ ಹೋಗುತ್ತದೆ. ಇಷ್ಟಾದರೂ ಆಕೆ ದೂರು ಕೊಡುವುದಿಲ್ಲ, ಏಕೆಂದರೆ ತನಗೆ ಅನ್ಯಾಯವಾಗಿದೆ ಎಂಬುದೇ ಆಕೆಗೆ ತಿಳಿದಿಲ್ಲ.

ಈ ಕೊನೆಯ ಮಾತು ಬಹು ಮುಖ್ಯವಾದುದು. ಸಮಾನ ಕೆಲಸಕ್ಕೆ ಸಮಾನ ವೇತನ ಎಂಬ ತತ್ತ್ವವನ್ನು ಒಪ್ಪದ ದೇಶಗಳು ಇಂದು ವಿರಳ. ಭಾರತದ ಸಂವಿಧಾನ ತನ್ನ 39ನೆಯ ಅನುಚ್ಛೇದದಲ್ಲಿ ಇದನ್ನು ರಾಜ್ಯನೀತಿಯ ನಿರ್ದೇಶಕ ತತ್ತ್ವಗಳಲ್ಲಿ ಸೇರಿಸಿದೆ. ಅಮೆರಿಕ ಸಂಯುಕ್ತ ಸಂಸ್ಥಾನ 1963ರಲ್ಲಿಯೇ ಸಮಾನ ವೇತನ ಅಧಿನಿಯಮವನ್ನು ಅಂಗೀಕರಿಸಿತು. ಆದರೆ ಹಕ್ಕನ್ನು ಬರೆದಿಡುವುದು ಬೇರೆ, ಅದು ಭಂಗವಾದಾಗ ತಿಳಿಯುವಂತೆ ಮಾಡುವುದು ಬೇರೆ. ತಿಳಿಯದ ಭಂಗಕ್ಕೆ ಪರಿಹಾರವನ್ನು ಯಾರೂ ಕೇಳಲಾರರು. ಇದಕ್ಕೆ ನ್ಯಾಯಾಲಯಗಳ ಇತಿಹಾಸದಿಂದ ಎರಡು ನಿದರ್ಶನಗಳನ್ನು ನೋಡಬಹುದು. ಒಂದು ಅಮೆರಿಕದ್ದು, ಇನ್ನೊಂದು ಮುಂಬಯಿಯದು.

ಅಮೆರಿಕದ ಅಲಬಾಮ ರಾಜ್ಯದ ಗ್ಯಾಡ್ಸ್‌ಡನ್ ಎಂಬ ಊರಿನ ಗುಡ್‌ಇಯರ್ ಟೈರು ಕಾರ್ಖಾನೆಯಲ್ಲಿ ಲಿಲ್ಲಿ ಲೆಡ್‌ಬೆಟರ್ ಎಂಬ ಮಹಿಳೆ 1979ರಲ್ಲಿ ಮೇಲ್ವಿಚಾರಕಿಯಾಗಿ ಸೇರಿದರು. ಸುಮಾರು ಎರಡು ದಶಕಗಳ ಕಾಲ ದುಡಿದರು. ಸೇವೆಯ ಕೊನೆಗಾಲದಲ್ಲಿ ಹೆಸರಿಲ್ಲದ ಒಂದು ಚೀಟಿ ಅವರ ಕೈಸೇರಿತು. ಅವರ ಸಂಬಳವನ್ನೂ ಅದೇ ಕೆಲಸ ಮಾಡುತ್ತಿದ್ದ ಪುರುಷರ ಸಂಬಳವನ್ನೂ ಅದರಲ್ಲಿ ಬರೆಯಲಾಗಿತ್ತು. ನ್ಯಾಯಾಲಯದ ದಾಖಲೆಗಳ ಪ್ರಕಾರ 1997ರ ಅಂತ್ಯದಲ್ಲಿ ಅವರಿಗೆ ತಿಂಗಳಿಗೆ 3,727 ಡಾಲರು ದೊರೆಯುತ್ತಿತ್ತು. ಅದೇ ದರ್ಜೆಯ 15 ಮಂದಿ ಪುರುಷರ ಪೈಕಿ ಅತ್ಯಂತ ಕಡಿಮೆ ಪಡೆಯುತ್ತಿದ್ದವನ ಸಂಬಳ 4,286 ಡಾಲರು, ಅತ್ಯಂತ ಹೆಚ್ಚು ಪಡೆಯುತ್ತಿದ್ದವನದು 5,236 ಡಾಲರು. ಅವರು 1998ರಲ್ಲಿ ದೂರು ನೀಡಿದರು. ಕೆಳಗಿನ ನ್ಯಾಯಾಲಯದಲ್ಲಿ ಗೆದ್ದರು. ಆದರೆ 2007ರಲ್ಲಿ ಆ ದೇಶದ ಸರ್ವೋಚ್ಚ ನ್ಯಾಯಾಲಯ ಐವರು ನ್ಯಾಯಾಧೀಶರ ಬಹುಮತದಿಂದ ಅವರ ದಾವೆಯನ್ನು ತಳ್ಳಿಹಾಕಿತು. ಸಂಬಳ ನಿಗದಿ ಮಾಡಿದ 180 ದಿನಗಳೊಳಗಾಗಿ ದೂರು ಕೊಡಬೇಕಾಗಿತ್ತು ಎಂಬುದು ಬಹುಮತದ ತೀರ್ಪು. ಉಳಿದ ನಾಲ್ವರ ಪರವಾಗಿ ಭಿನ್ನ ತೀರ್ಪು ಬರೆದ ನ್ಯಾಯಮೂರ್ತಿ ರೂತ್ ಬೇಡರ್ ಗಿನ್ಸ್‌ಬರ್ಗ್ ಅವರು, ಇಂಥ ಅಂತರ ಸ್ವಲ್ಪ ಸ್ವಲ್ಪವಾಗಿ ಬೆಳೆಯುವಂಥದು, ಸಹೋದ್ಯೋಗಿಗಳ ಸಂಬಳ ಗುಟ್ಟಾಗಿರುವಾಗ ಅದು ಬೇಗ ಕಣ್ಣಿಗೆ ಬೀಳುವುದಿಲ್ಲ ಎಂದು ತೋರಿಸಿಕೊಟ್ಟರು. 2009ರ ಜನವರಿ 29ರಂದು ಅಮೆರಿಕದ ಅಧ್ಯಕ್ಷರು ಲೆಡ್‌ಬೆಟರ್ ಅವರ ಹೆಸರನ್ನೇ ಹೊತ್ತ ಅಧಿನಿಯಮಕ್ಕೆ ಸಹಿ ಹಾಕಿ ಕಾಲಮಿತಿಯ ತೊಡಕನ್ನು ನಿವಾರಿಸಿದರು. ಮುಂದಿನವರಿಗೆ ದಾರಿಯಾಯಿತು. 2024ರ ಅಕ್ಟೋಬರ್‌ನಲ್ಲಿ ತೀರಿಕೊಂಡ ಲೆಡ್‌ಬೆಟರ್ ಅವರಿಗೆ ಮಾತ್ರ ಕಳೆದುಹೋದ ಸಂಬಳ ಮರಳಿ ಬರಲಿಲ್ಲ.

ಎರಡನೆಯದು ಮುಂಬಯಿಯ ಪ್ರಸಿದ್ಧ ಮೊಕದ್ದಮೆ. ಮೆಕಿನನ್ ಮೆಕೆಂಜಿ ಕಂಪನಿ ವಿರುದ್ಧ ಆಡ್ರಿ ಡಿ’ಕೋಸ್ಟ ಎಂಬ ಹೆಸರಿನ ಈ ಪ್ರಕರಣದಲ್ಲಿ ಭಾರತದ ಸರ್ವೋಚ್ಚ ನ್ಯಾಯಾಲಯ 1987ರಲ್ಲಿ ತೀರ್ಪು ನೀಡಿತು. ಕಂಪನಿಯಲ್ಲಿ ಹಿರಿಯ ಅಧಿಕಾರಿಗಳ ಬಳಿ ಕೆಲಸ ಮಾಡುತ್ತಿದ್ದ ಮಹಿಳಾ ಶೀಘ್ರಲಿಪಿಗಾರರಿಗೆ ಪುರುಷ ಶೀಘ್ರಲಿಪಿಗಾರರಿಗಿಂತ ಕಡಿಮೆ ವೇತನ ಕೊಡಲಾಗುತ್ತಿತ್ತು. ಕಾರ್ಮಿಕ ಸಂಘದೊಡನೆ ಆದ ಒಪ್ಪಂದದ ಪ್ರಕಾರವೇ ವೇತನ ಕೊಡಲಾಗಿದೆ ಎಂಬುದು ಕಂಪನಿಯ ವಾದಗಳಲ್ಲೊಂದು. ಸಮಾನ ವೇತನ ಕೊಡುವಷ್ಟು ಆರ್ಥಿಕ ಶಕ್ತಿಯಿಲ್ಲ ಎಂಬುದು ಇನ್ನೊಂದು. ಎರಡನ್ನೂ ನ್ಯಾಯಾಲಯ ಒಪ್ಪಲಿಲ್ಲ. ಕೆಲಸ ಒಂದೇ ಆಗಿರುವಾಗ ಒಪ್ಪಂದದ ನೆಪದಿಂದ ಹೆಣ್ಣುಮಕ್ಕಳಿಗೆ ಕಡಿಮೆ ಕೊಡುವಂತಿಲ್ಲ, ಸಮಾನ ವೇತನ ಅಧಿನಿಯಮದ ಪಾಲನೆ ಮಾಲಿಕನ ಆರ್ಥಿಕ ಸ್ಥಿತಿಯನ್ನು ಅವಲಂಬಿಸಿಲ್ಲ ಎಂದು ಸ್ಪಷ್ಟಪಡಿಸಿತು. ಈ ತೀರ್ಪನ್ನು ಬರೆದವರು ಮಂಡ್ಯ ಜಿಲ್ಲೆಯ ಪಾಂಡವಪುರ ತಾಲ್ಲೂಕಿನಿಂದ ಬಂದ ನ್ಯಾಯಮೂರ್ತಿ ಇ. ಎಸ್. ವೆಂಕಟರಾಮಯ್ಯನವರು. ಅವರು 1989ರಲ್ಲಿ ಭಾರತದ ಮುಖ್ಯ ನ್ಯಾಯಮೂರ್ತಿಗಳಾದರು ಎಂಬುದು ಕನ್ನಡಿಗರು ಹೆಮ್ಮೆಯಿಂದ ನೆನೆಯುವ ಸಂಗತಿ.

ಈ ಎರಡು ಪ್ರಕರಣಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದರೆ ಒಂದು ಅಂಶ ಎದ್ದು ಕಾಣುತ್ತದೆ. ಮುಂಬಯಿಯಲ್ಲಿ ವೇತನ ಶ್ರೇಣಿಗಳು ಒಪ್ಪಂದದ ಕಾಗದದ ಮೇಲೆ ಲಿಖಿತವಾಗಿದ್ದವು. ಹೋಲಿಸಿ ನೋಡಲು ಎರಡು ಅಂಕಿಗಳು ಕಣ್ಣೆದುರಿಗಿದ್ದವು. ಆದ್ದರಿಂದ ಅನ್ಯಾಯವನ್ನು ಪ್ರಶ್ನಿಸಲು ಸಾಧ್ಯವಾಯಿತು. ಗ್ಯಾಡ್ಸ್‌ಡನ್ನಿನಲ್ಲಿ ಅಂಥ ಕಾಗದವಿರಲಿಲ್ಲ. ಯಾರೋ ಪುಣ್ಯಾತ್ಮರು ಬರೆದಿಟ್ಟ ಒಂದು ಚೀಟಿಗಾಗಿ ಸುಮಾರು ಎರಡು ದಶಕಗಳು ಕಾಯಬೇಕಾಯಿತು. ವೇತನ ಶ್ರೇಣಿಯನ್ನು ಪ್ರಕಟಿಸಬೇಕೆಂಬ ಕಾನೂನುಗಳು ಮಾಡಹೊರಟಿರುವುದು ಇಷ್ಟೇ: ಹೆಸರಿಲ್ಲದ ಚೀಟಿಯ ಕೆಲಸವನ್ನು ಬಹಿರಂಗ ಪ್ರಕಟಣೆಗೆ ವಹಿಸುವುದು.

ಈ ದಿಕ್ಕಿನಲ್ಲಿ ಮುಂದಡಿಯಿಟ್ಟ ದೇಶಗಳಲ್ಲಿ ಆಸ್ಟ್ರಿಯ ಒಂದು. ಉದ್ಯೋಗದ ಜಾಹೀರಾತಿನಲ್ಲಿ ಆ ಹುದ್ದೆಗೆ ಸಾಮೂಹಿಕ ಒಪ್ಪಂದದ ಪ್ರಕಾರ ದೊರೆಯುವ ಕನಿಷ್ಠ ವೇತನವನ್ನು ಸೂಚಿಸಬೇಕೆಂದು ಅಲ್ಲಿ 2011ರಲ್ಲಿ ನಿಯಮವಾಯಿತು. ಅಮೆರಿಕದಲ್ಲಿ ಜಾಹೀರಾತಿನಲ್ಲಿಯೇ ವೇತನವನ್ನು ಕಾಣಿಸಬೇಕೆಂದು ವಿಧಿಸಿದ ಮೊದಲ ರಾಜ್ಯ ಕೊಲರಾಡೊ. ಅಲ್ಲಿಯ ಶಾಸನಸಭೆ 2019ರಲ್ಲಿ ಅಂಗೀಕರಿಸಿದ ಅಧಿನಿಯಮ 2021ರ ಜನವರಿ 1ರಂದು ಜಾರಿಗೆ ಬಂದಿತು. ಆ ರಾಜ್ಯದಲ್ಲಿ ಒಬ್ಬನೇ ನೌಕರನಿದ್ದರೂ ಉದ್ಯೋಗದಾತನಿಗೆ ಈ ಅಧಿನಿಯಮ ಅನ್ವಯಿಸುತ್ತದೆ. ಹುದ್ದೆಯ ವೇತನವನ್ನು ಅಥವಾ ವೇತನದ ಶ್ರೇಣಿಯನ್ನು, ಜೊತೆಗೆ ದೊರೆಯುವ ಸೌಲಭ್ಯಗಳ ಸಾಮಾನ್ಯ ವಿವರವನ್ನು ಜಾಹೀರಾತಿನಲ್ಲಿ ಕೊಡಬೇಕು. ಅಭ್ಯರ್ಥಿಯ ಹಿಂದಿನ ಸಂಬಳವನ್ನು ಕೇಳುವಂತಿಲ್ಲ. ಸಂಸ್ಥೆಯೊಳಗೆ ತೆರವಾಗುವ ಅವಕಾಶಗಳು ಕೆಲವರ ಕಿವಿಗೆ ಮಾತ್ರ ಬೀಳದೆ ಇರುವ ನೌಕರರಿಗೆಲ್ಲ ತಿಳಿಯಬೇಕು. ಉಲ್ಲಂಘನೆಯೊಂದಕ್ಕೆ 500ರಿಂದ 10,000 ಡಾಲರುಗಳವರೆಗೆ ದಂಡ ವಿಧಿಸಬಹುದು.

ಅನಂತರ ನ್ಯೂಯಾರ್ಕ್ ನಗರದಲ್ಲಿ 2022ರ ನವೆಂಬರ್ 1ರಿಂದಲೂ, ಕ್ಯಾಲಿಫೋರ್ನಿಯ ಮತ್ತು ವಾಷಿಂಗ್ಟನ್ ರಾಜ್ಯಗಳಲ್ಲಿ 2023ರ ಜನವರಿ 1ರಿಂದಲೂ ಇಂಥ ಕಾನೂನುಗಳು ಜಾರಿಗೆ ಬಂದವು. ನ್ಯೂಯಾರ್ಕ್ ರಾಜ್ಯ 2023ರ ಸೆಪ್ಟೆಂಬರ್‌ನಲ್ಲಿ ಇದನ್ನು ಅನುಸರಿಸಿತು. ಇಲಿನಾಯ್ ಮತ್ತು ಮಿನೆಸೊಟ ರಾಜ್ಯಗಳಲ್ಲಿ ಇದು 2025ರ ಆರಂಭದಲ್ಲಿ ಜಾರಿಯಾಯಿತು. ಕ್ಯಾಲಿಫೋರ್ನಿಯದ ಕಾನೂನು 15 ಅಥವಾ ಅದಕ್ಕಿಂತ ಹೆಚ್ಚು ನೌಕರರಿರುವ ಸಂಸ್ಥೆಗಳಿಗೆ ಅನ್ವಯಿಸುತ್ತದೆ. ಉದ್ಯೋಗದಾತನು ಆ ಹುದ್ದೆಗೆ ಕೊಡಲು ನ್ಯಾಯವಾಗಿ ನಿರೀಕ್ಷಿಸುವ ಮೊತ್ತವೇ ವೇತನ ಶ್ರೇಣಿ ಎಂದು ಅದು ಹೇಳುತ್ತದೆ. ಈಗಾಗಲೇ ಕೆಲಸದಲ್ಲಿರುವ ನೌಕರನೂ ತನ್ನ ಹುದ್ದೆಯ ಶ್ರೇಣಿಯನ್ನು ಕೇಳಿ ಪಡೆಯಬಹುದು. ಆ ರಾಜ್ಯದಲ್ಲಿ ನೆಲೆಸಿರುವ ಕನ್ನಡಿಗರಿಗೆ ಇದು ಹತ್ತಿರದ ವಿಷಯ. ಎಚ್-1ಬಿ ಪರವಾನಗಿಯ ಮೇಲೆ ಹೋಗುವವರ ವೇತನವನ್ನು ಕೆಲಸದ ಸ್ಥಳದಲ್ಲಿ ಸೂಚನೆಯ ಮೂಲಕ ಪ್ರಕಟಿಸಬೇಕೆಂಬ ನಿಯಮ ಅಮೆರಿಕದಲ್ಲಿ ಇದಕ್ಕೂ ಮೊದಲಿನಿಂದಲೇ ಇದೆ. ಹೊರಗಿನಿಂದ ಬಂದವರನ್ನು ಕಡಿಮೆ ಸಂಬಳಕ್ಕೆ ದುಡಿಸಿ ಸ್ಥಳೀಯರ ಕೂಲಿಯನ್ನು ಇಳಿಸದಿರಲಿ ಎಂಬುದು ಆ ನಿಯಮದ ಆಶಯ.

ಐರೋಪ್ಯ ಒಕ್ಕೂಟ 2023ರಲ್ಲಿ ಅಂಗೀಕರಿಸಿದ ನಿರ್ದೇಶನ ಇನ್ನೂ ವ್ಯಾಪಕವಾದುದು. ಸದಸ್ಯ ರಾಷ್ಟ್ರಗಳು ಇದನ್ನು ತಮ್ಮ ಕಾನೂನಿನಲ್ಲಿ ಅಳವಡಿಸಿಕೊಳ್ಳಲು 2026ರ ಜೂನ್ 7ರ ಗಡುವನ್ನು ಗೊತ್ತುಪಡಿಸಲಾಯಿತು. ಇದರ ಪ್ರಕಾರ ಅಭ್ಯರ್ಥಿಗೆ ಆರಂಭದ ವೇತನವನ್ನು ಅಥವಾ ಅದರ ಶ್ರೇಣಿಯನ್ನು ಮುಂಚಿತವಾಗಿ, ಅಂದರೆ ಜಾಹೀರಾತಿನಲ್ಲಿಯೋ ಸಂದರ್ಶನಕ್ಕೆ ಮೊದಲೋ, ತಿಳಿಸಬೇಕು. ಹಿಂದಿನ ಸಂಬಳವನ್ನು ಕೇಳಕೂಡದು. ಸಮಾನ ಕೆಲಸ ಮಾಡುವ ಸ್ತ್ರೀಯರ ಮತ್ತು ಪುರುಷರ ಸರಾಸರಿ ವೇತನವನ್ನು ಪ್ರತ್ಯೇಕವಾಗಿ ತಿಳಿಯುವ ಹಕ್ಕು ನೌಕರನಿಗಿದೆ. 100 ಅಥವಾ ಅದಕ್ಕಿಂತ ಹೆಚ್ಚು ನೌಕರರಿರುವ ಸಂಸ್ಥೆಗಳು ಸ್ತ್ರೀ ಪುರುಷರ ವೇತನದ ಅಂತರವನ್ನು ಹಂತಹಂತವಾಗಿ ವರದಿ ಮಾಡಬೇಕು. ಯಾವುದಾದರೂ ವರ್ಗದಲ್ಲಿ ಆ ಅಂತರ ಶೇಕಡ 5ನ್ನು ತಲಪಿ, ಅದಕ್ಕೆ ನ್ಯಾಯವಾದ ಕಾರಣ ತೋರಿಸಲಾಗದೆ, ಆರು ತಿಂಗಳೊಳಗೆ ಸರಿಪಡಿಸದೆಯೂ ಹೋದರೆ, ನೌಕರರ ಪ್ರತಿನಿಧಿಗಳೊಡನೆ ಕುಳಿತು ಜಂಟಿಯಾಗಿ ಪರಿಶೀಲಿಸಬೇಕು.

ಇಲ್ಲೊಂದು ತಪ್ಪು ತಿಳಿವಳಿಕೆಯನ್ನು ದೂರ ಮಾಡುವುದು ಅಗತ್ಯ. ಈ ಕಾನೂನುಗಳು ಒಬ್ಬೊಬ್ಬ ನೌಕರನ ಸಂಬಳವನ್ನು ಊರಿಗೆಲ್ಲ ಸಾರಬೇಕೆಂದು ಹೇಳುವುದಿಲ್ಲ. ಪ್ರಕಟವಾಗಬೇಕಾದುದು ಹುದ್ದೆಯ ಬೆಲೆ, ವ್ಯಕ್ತಿಯ ಗಳಿಕೆಯಲ್ಲ. ನಾರ್ವೆಯಂಥ ದೇಶದಲ್ಲಿ ಪ್ರತಿಯೊಬ್ಬರ ತೆರಿಗೆಯ ವಿವರವನ್ನೂ ಸಾರ್ವಜನಿಕರು ನೋಡಬಹುದಾದ ಪದ್ಧತಿಯಿದೆ ಎಂಬುದು ನಿಜ. ಆದರೆ ಅಲ್ಲಿಯೂ 2014ರಿಂದ, ತನ್ನ ವಿವರವನ್ನು ನೋಡಿದವರು ಯಾರೆಂಬುದು ಆ ವ್ಯಕ್ತಿಗೆ ತಿಳಿಯುವಂತೆ ಮಾಡಲಾಯಿತು. ವೇತನ ಶ್ರೇಣಿಯ ಕಾನೂನುಗಳು ಅಷ್ಟು ದೂರ ಹೋಗುವುದಿಲ್ಲ. ಖಾಸಗಿತನವನ್ನು ಉಳಿಸಿಕೊಂಡೇ ನ್ಯಾಯಕ್ಕೆ ಬೇಕಾದಷ್ಟು ಬೆಳಕನ್ನು ಬಿಡುವುದು ಅವುಗಳ ಧೋರಣೆ.

ಕಾನೂನು ಚಾಪೆಯ ಕೆಳಗೆ ನುಸುಳಿದರೆ ರಂಗೋಲಿಯ ಕೆಳಗೆ ನುಸುಳುವವರು ಎಲ್ಲ ದೇಶಗಳಲ್ಲಿಯೂ ಇದ್ದಾರೆ. ಕೊಲರಾಡೊದಲ್ಲಿ ಕಾನೂನು ಜಾರಿಯಾದ ಹೊಸದರಲ್ಲಿ ಕೆಲವು ಸಂಸ್ಥೆಗಳು, ಮನೆಯಿಂದಲೇ ಮಾಡಬಹುದಾದ ಕೆಲಸಗಳಿಗೆ “ಕೊಲರಾಡೊದವರು ಅರ್ಜಿ ಹಾಕತಕ್ಕದ್ದಲ್ಲ” ಎಂದು ಜಾಹೀರಾತು ಕೊಟ್ಟು ಶ್ರೇಣಿಯನ್ನು ಕಾಣಿಸುವ ಹೊಣೆಯಿಂದ ಜಾರಿಕೊಳ್ಳಲು ನೋಡಿದವು. ಹೆಚ್ಚು ರಾಜ್ಯಗಳು ಕಾನೂನು ಮಾಡಿದಂತೆಲ್ಲ ಈ ಉಪಾಯದ ಬೆಲೆ ಕುಗ್ಗಿತು. ನ್ಯೂಯಾರ್ಕಿನಲ್ಲಿ ಇನ್ನು ಕೆಲವರು ಆದಿಗೂ ಅಂತ್ಯಕ್ಕೂ ಸಂಬಂಧವಿಲ್ಲದಷ್ಟು ವಿಶಾಲವಾದ ಶ್ರೇಣಿಯನ್ನು ಅಚ್ಚುಮಾಡಿಸಿದರು. ಅಂಥ ಶ್ರೇಣಿ ಇದ್ದೂ ಇಲ್ಲದಂತೆ. ಆದಕಾರಣವೇ ಹಲವು ಕಾನೂನುಗಳು “ಸದ್ಭಾವನೆಯಿಂದ ನಿಗದಿ ಮಾಡಿದ ಶ್ರೇಣಿ” ಎಂಬ ಮಾತನ್ನು ಸೇರಿಸಿವೆ. ಕಾನೂನು ಇದ್ದ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ. ಅದನ್ನು ನೋಡಿಕೊಳ್ಳುವ ಅಧಿಕಾರಿಗಳೂ, ದೂರು ಕೊಡುವ ನಾಗರಿಕರೂ ಬೇಕು ಎಂಬುದಕ್ಕೆ ಇದು ಸಾಕ್ಷಿ.

ಉದ್ಯೋಗದಾತರ ಆಕ್ಷೇಪಗಳನ್ನೂ ನ್ಯಾಯಬುದ್ಧಿಯಿಂದ ಪರಿಶೀಲಿಸಬೇಕು. ಸಂಬಳ ಬಯಲಾದರೆ ನೌಕರರಲ್ಲಿ ಅಸೂಯೆ ಹುಟ್ಟಿ ಕೆಲಸ ಕೆಡುತ್ತದೆ ಎಂಬುದು ಮೊದಲ ಆಕ್ಷೇಪ. ಕಾರಣ ಹೇಳಲು ಬರುವ ಅಂತರಕ್ಕೆ ಈ ಭಯ ಬೇಕಾಗಿಲ್ಲ. ಅನುಭವ, ಹೆಚ್ಚಿನ ವಿದ್ಯೆ, ರಾತ್ರಿ ಪಾಳಿ, ಕೆಲಸದ ಅಪಾಯ, ಇವುಗಳಿಗಾಗಿ ಹೆಚ್ಚು ಕೊಡುವುದನ್ನು ಯಾವ ಕಾನೂನೂ ತಡೆಯುವುದಿಲ್ಲ. ಕಾರಣ ಹೇಳಲು ಬಾರದ ಅಂತರವೇ ಅಸೂಯೆಯ ಮೂಲ. ಎಲ್ಲರಿಗೂ ಸಮನಾಗಿ ಕೊಡುವ ಹೆಸರಿನಲ್ಲಿ ಹೆಚ್ಚು ಪಡೆಯುವವರ ಏರಿಕೆಗೆ ಕಡಿವಾಣ ಬೀಳಬಹುದು ಎಂಬುದು ಎರಡನೆಯದು. ಇದರಲ್ಲಿ ಸತ್ಯಾಂಶವಿದೆ. ಡೆನ್ಮಾರ್ಕಿನಲ್ಲಿ 2006ರ ಕಾನೂನೊಂದು, 35 ಅಥವಾ ಅದಕ್ಕಿಂತ ಹೆಚ್ಚು ನೌಕರರಿರುವ ಸಂಸ್ಥೆಗಳು ಸ್ತ್ರೀ ಪುರುಷರ ವೇತನದ ಅಂಕಿ ಅಂಶಗಳನ್ನು ಪ್ರತ್ಯೇಕವಾಗಿ ಸಿದ್ಧಪಡಿಸುವಂತೆ ಮಾಡಿತು. ಅದರ ಪರಿಣಾಮವನ್ನು ಅಧ್ಯಯನ ಮಾಡಿದ ಅರ್ಥಶಾಸ್ತ್ರಜ್ಞರು, ಅಂತರ ಕಡಿಮೆಯಾದದ್ದು ನಿಜವೆಂದೂ, ಆದರೆ ಅದು ಬಹುಮಟ್ಟಿಗೆ ಪುರುಷರ ವೇತನದ ಏರಿಕೆ ನಿಧಾನವಾದುದರಿಂದ ಆಯಿತೆಂದೂ ಕಂಡುಕೊಂಡರು. ಪ್ರಕಟಣೆ ಅನ್ಯಾಯವನ್ನು ತೋರಿಸಿಕೊಡುವ ದೀಪವೇ ಹೊರತು ಹಣವನ್ನು ಹುಟ್ಟಿಸುವ ಯಂತ್ರವಲ್ಲ. ಈ ಮಿತಿಯನ್ನು ಅರಿತೇ ಅದರ ಪ್ರಯೋಜನವನ್ನು ಎಣಿಸಬೇಕು.

ಇನ್ನು ನಮ್ಮ ದೇಶದ ಸ್ಥಿತಿ. ಸರ್ಕಾರಿ ಹುದ್ದೆಗಳ ಮಟ್ಟಿಗೆ ವೇತನ ಶ್ರೇಣಿಯ ಪ್ರಕಟಣೆ ಭಾರತೀಯರಿಗೆ ಹೊಸತೇನೂ ಅಲ್ಲ. ಕೇಂದ್ರ ಲೋಕಸೇವಾ ಆಯೋಗದ ಅಥವಾ ಸಿಬ್ಬಂದಿ ನೇಮಕಾತಿ ಆಯೋಗದ ಅಧಿಸೂಚನೆಯನ್ನು ಓದಿದ ಯಾವ ಅಭ್ಯರ್ಥಿಗೂ ಹುದ್ದೆಯ ವೇತನದ ಹಂತ ಮೊದಲೇ ತಿಳಿದಿರುತ್ತದೆ. ಗುಲ್ಬರ್ಗದಿಂದ ಬಂದವನಿಗೂ ಗುವಾಹಟಿಯಿಂದ ಬಂದವಳಿಗೂ ಒಂದೇ ಶ್ರೇಣಿ. ಅಲ್ಲಿ ಚೌಕಾಶಿಗೆ ಎಡೆಯಿಲ್ಲ. 2005ರ ಮಾಹಿತಿ ಹಕ್ಕು ಅಧಿನಿಯಮ ಒಂದು ಹೆಜ್ಜೆ ಮುಂದೆ ಹೋಗಿ, ಪ್ರತಿಯೊಬ್ಬ ಅಧಿಕಾರಿಯ ಮತ್ತು ನೌಕರನ ಮಾಸಿಕ ಸಂಭಾವನೆಯನ್ನು ಸಾರ್ವಜನಿಕ ಪ್ರಾಧಿಕಾರಗಳು ತಾವಾಗಿಯೇ ಪ್ರಕಟಿಸಬೇಕೆಂದು ತನ್ನ 4ನೆಯ ಪ್ರಕರಣದಲ್ಲಿ ವಿಧಿಸಿದೆ.

ಖಾಸಗಿ ಕ್ಷೇತ್ರಕ್ಕೂ ಇದರ ಬೀಜ ಹಿಂದೆಯೇ ಬಿದ್ದಿತ್ತು. ಖಾಲಿ ಹುದ್ದೆಗಳನ್ನು ಉದ್ಯೋಗ ವಿನಿಮಯ ಕೇಂದ್ರಗಳಿಗೆ ಕಡ್ಡಾಯವಾಗಿ ತಿಳಿಸಬೇಕೆಂಬ 1959ರ ಅಧಿನಿಯಮ, ಸರ್ಕಾರಿ ಸಂಸ್ಥೆಗಳಿಗೆ ಮಾತ್ರವಲ್ಲದೆ 25 ಅಥವಾ ಅದಕ್ಕಿಂತ ಹೆಚ್ಚು ಜನರಿದ್ದ ಖಾಸಗಿ ಸಂಸ್ಥೆಗಳಿಗೂ ಅನ್ವಯಿಸುವಂತೆ ರೂಪುಗೊಂಡಿತ್ತು. ಹುದ್ದೆಯ ವಿವರಗಳೊಂದಿಗೆ ವೇತನ ಮತ್ತು ಭತ್ಯೆಗಳನ್ನೂ ಕೇಂದ್ರಕ್ಕೆ ತಿಳಿಸಬೇಕಾಗಿತ್ತು. ಹುದ್ದೆಗಳ ಮಾಹಿತಿಯನ್ನು ನೀಡುವ ಈ ವ್ಯವಸ್ಥೆ ಈಗ 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿ ಸೇರಿಕೊಂಡಿದೆ.

ಸಮಾನ ವೇತನದ ಕಾನೂನು ನಮ್ಮಲ್ಲಿ 1976ರ ಸಮಾನ ವೇತನ ಅಧಿನಿಯಮದಿಂದ ಬಂದದ್ದು. ಅದು 2019ರ ವೇತನ ಸಂಹಿತೆಯಲ್ಲಿ ವಿಲೀನವಾಗಿದೆ. 2025ರ ನವೆಂಬರ್ 21ರಂದು ಜಾರಿಗೆ ಬಂದ ಈ ಸಂಹಿತೆಯ ಕೆಲವು ಅಂಶಗಳನ್ನು ಪ್ರತಿಯೊಬ್ಬ ದುಡಿಯುವವನೂ ನೆನಪಿಡುವುದು ಒಳ್ಳೆಯದು. 3ನೆಯ ಪ್ರಕರಣದ ಪ್ರಕಾರ, ಒಂದೇ ಬಗೆಯ ಕೆಲಸಕ್ಕೆ ಲಿಂಗದ ಆಧಾರದ ಮೇಲೆ ವೇತನದಲ್ಲಾಗಲಿ ನೇಮಕಾತಿಯಲ್ಲಾಗಲಿ ತಾರತಮ್ಯ ಮಾಡಕೂಡದು. ಸಮಾನತೆ ತರುವ ನೆಪದಿಂದ ಯಾರ ವೇತನವನ್ನೂ ಇಳಿಸಕೂಡದು ಎಂದು ಅದೇ ಪ್ರಕರಣ ಎಚ್ಚರಿಸಿದೆ. 50ನೆಯ ಪ್ರಕರಣದ ಪ್ರಕಾರ, ಮಾಲಿಕನು ಸಂಸ್ಥೆಯ ಎದ್ದುಕಾಣುವ ಸ್ಥಳದಲ್ಲಿ ಸೂಚನಾ ಫಲಕದ ಮೇಲೆ, ನೌಕರರ ವರ್ಗವಾರು ವೇತನದ ದರಗಳು, ವೇತನ ಕೊಡುವ ದಿನ, ತನಿಖಾಧಿಕಾರಿಯ ಹೆಸರು ಮತ್ತು ವಿಳಾಸ, ಇವುಗಳನ್ನು ಪ್ರದರ್ಶಿಸತಕ್ಕದ್ದು. ವೇತನ ಚೀಟಿಯನ್ನೂ ಕೊಡತಕ್ಕದ್ದು. ಬೇಸಾಯಕ್ಕೋ ಮನೆಗೆಲಸಕ್ಕೋ ಐವರನ್ನು ಮೀರದಂತೆ ನೇಮಿಸಿಕೊಂಡವರಿಗೆ ಮಾತ್ರ ಇದರಿಂದ ವಿನಾಯಿತಿಯಿದೆ. ಕಡಿಮೆ ವೇತನದ ಬಗ್ಗೆ ನೌಕರನಾಗಲಿ ಅವನ ಕಾರ್ಮಿಕ ಸಂಘವಾಗಲಿ ಮೂರು ವರ್ಷಗಳೊಳಗೆ ಪ್ರಾಧಿಕಾರದ ಮುಂದೆ ಅರ್ಜಿ ಸಲ್ಲಿಸಬಹುದು.

ಹೀಗೆ ಕೆಲಸಕ್ಕೆ ಸೇರಿದ ಮೇಲೆ ವರ್ಗದ ವೇತನವನ್ನು ತಿಳಿಯುವ ದಾರಿ ನಮ್ಮ ಕಾನೂನಿನಲ್ಲಿದೆ. ಸೇರುವುದಕ್ಕೆ ಮೊದಲು, ಜಾಹೀರಾತಿನಲ್ಲಿಯೇ ವೇತನ ಶ್ರೇಣಿಯನ್ನು ಸಾರ್ವಜನಿಕರಿಗೆ ತಿಳಿಸಬೇಕೆಂದು ಖಾಸಗಿ ಸಂಸ್ಥೆಗಳನ್ನು ಕಟ್ಟಿಹಾಕುವ ಕೊಲರಾಡೊದಂಥ ಕಾನೂನು ಭಾರತದಲ್ಲಿ ಇಲ್ಲ. ಈ ಅಂತರವನ್ನು ಅರಿತುಕೊಂಡರೆ ನಾಗರಿಕನು ಎಲ್ಲಿ ಎಚ್ಚರದಿಂದಿರಬೇಕು ಎಂಬುದು ಸ್ಪಷ್ಟವಾಗುತ್ತದೆ. ಅದು ಸಂದರ್ಶನದ ಮೇಜಿನ ಬಳಿ.

ಊರು ಬಿಟ್ಟು ಪರಸ್ಥಳಕ್ಕೆ ಕೆಲಸ ಹುಡುಕಿಕೊಂಡು ಬರುವ ಕನ್ನಡಿಗನಿಗೆ ಈ ಎಚ್ಚರ ಹೆಚ್ಚು ಅಗತ್ಯ. ಅಲ್ಲಿಯ ಭಾಷೆ ಹೊಸತು, ಧಾರಣೆ ಹೊಸತು, ಒಳಗಿನ ಲೆಕ್ಕ ಹೇಳುವ ಪರಿಚಿತರು ಇರುವುದಿಲ್ಲ. ಅಂಥವರು ಪಾಲಿಸಬಹುದಾದ ಕೆಲವು ಸರಳ ಕ್ರಮಗಳಿವೆ. ಅರ್ಜಿ ಹಾಕುವಾಗಲೇ ಆ ಹುದ್ದೆಯ ವೇತನ ಎಷ್ಟರಿಂದ ಎಷ್ಟರವರೆಗೆ ಎಂದು ಪತ್ರದ ಮೂಲಕ ವಿನಯದಿಂದ ವಿಚಾರಿಸಬಹುದು. ಕೇಳುವುದು ಅಪರಾಧವೂ ಅಲ್ಲ, ಅವಿನಯವೂ ಅಲ್ಲ. ಹೇಳಿದ ಮೊತ್ತದಲ್ಲಿ ಮೂಲ ವೇತನ ಎಷ್ಟು, ಭತ್ಯೆಗಳೆಷ್ಟು, ಸಂಸ್ಥೆ ಕಟ್ಟುವ ಭವಿಷ್ಯನಿಧಿ ಅದರಲ್ಲಿಯೇ ಸೇರಿದೆಯೇ, ಕೈಗೆ ಬರುವುದೆಷ್ಟು ಎಂದು ಬಿಡಿಸಿ ಕೇಳಬೇಕು. ಬಾಯಿಮಾತಿನ ಭರವಸೆಗೆ ತೃಪ್ತರಾಗದೆ ನೇಮಕಾತಿ ಪತ್ರವನ್ನು ಪಡೆಯಬೇಕು. ಪ್ರತಿಯೊಬ್ಬ ನೌಕರನಿಗೂ ನೇಮಕಾತಿ ಪತ್ರ ಕೊಡುವುದು 2020ರ ವೃತ್ತಿ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಪರಿಸ್ಥಿತಿಗಳ ಸಂಹಿತೆಯಡಿ ಮಾಲಿಕನ ಕರ್ತವ್ಯ. ಆ ಪತ್ರವನ್ನೂ ತಿಂಗಳ ವೇತನ ಚೀಟಿಗಳನ್ನೂ ಒಂದು ಕಡತದಲ್ಲಿ ಕೂಡಿಡಬೇಕು. ಸೇರಿದ ಮೇಲೆ ಸೂಚನಾ ಫಲಕದ ಮುಂದೆ ಒಂದು ನಿಮಿಷ ನಿಂತು ಓದಬೇಕು. ಫಲಕವೇ ಇಲ್ಲದಿದ್ದರೆ, ಅದನ್ನು ಕೇಳುವುದೂ ನೌಕರನ ಹಕ್ಕಿಗೆ ಸೇರಿದ್ದೇ.

ಕರ್ತವ್ಯ ಒಂದೇ ಕಡೆಯದಲ್ಲ. ಹೊರನಾಡುಗಳಲ್ಲಿ ಅಂಗಡಿ, ಹೋಟೆಲು, ಕಾರ್ಯಾಗಾರ, ಶಾಲೆಗಳನ್ನು ಕಟ್ಟಿ ಬೆಳೆಸಿ ನಾಲ್ಕು ಜನರಿಗೆ ಕೆಲಸ ಕೊಟ್ಟಿರುವ ಕನ್ನಡಿಗರೂ ಬಹಳ ಮಂದಿ ಇದ್ದಾರೆ. ಕಾನೂನು ಕೇಳಲಿ ಬಿಡಲಿ, ಹುದ್ದೆಯ ಜಾಹೀರಾತಿನಲ್ಲಿ ಸಂಬಳವನ್ನು ಕಾಣಿಸುವುದರಿಂದ ಅವರಿಗೂ ಲಾಭವಿದೆ. ಆ ಸಂಬಳ ಒಪ್ಪುವವರು ಮಾತ್ರ ಅರ್ಜಿ ಹಾಕುತ್ತಾರೆ, ಸಂದರ್ಶನದ ಕಾಲ ಉಳಿಯುತ್ತದೆ, ಸೇರಿದವರು ಮೋಸಹೋದೆವೆಂದು ಮೂರು ತಿಂಗಳಿಗೆ ಬಿಟ್ಟುಹೋಗುವುದಿಲ್ಲ. ಕನ್ನಡ ಸಂಘಗಳು ತಮ್ಮ ವಾರ್ಷಿಕೋತ್ಸವಗಳ ನಡುವೆ ಒಂದು ಸಂಜೆಯನ್ನು ಇದಕ್ಕಾಗಿ ಮೀಸಲಿಟ್ಟು, ಊರಿನಿಂದ ಹೊಸದಾಗಿ ಬಂದ ಯುವಕ ಯುವತಿಯರಿಗೆ ಆಯಾ ವೃತ್ತಿಗಳ ವೇತನದ ಮಟ್ಟವನ್ನು ಹಿರಿಯರಿಂದ ತಿಳಿಸಿಕೊಡಬಹುದು. ಪುಣೆಯ ಸಂದರ್ಶನದಲ್ಲಿ ಅಳುಕಿದ ಆ ಯುವತಿಗೆ ಬೇಕಾಗಿದ್ದುದು ಇಂಥ ಒಂದು ಸಂಜೆಯೇ.

ಸಂಬಳವನ್ನು ಕೇಳಬಾರದೆಂಬ ಹಳೆಯ ಮಾತು ಪರರ ಮನೆಯ ವಿಷಯಕ್ಕೆ ಕೈಹಾಕಬಾರದೆಂಬ ಸೌಜನ್ಯದಿಂದ ಹುಟ್ಟಿದ್ದಾದರೆ, ಅದನ್ನು ಹಾಗೆಯೇ ಉಳಿಸಿಕೊಳ್ಳಬಹುದು. ನೆರೆಯವನ ಗಳಿಕೆಯನ್ನು ಕೆದಕುವುದು ಸಭ್ಯತೆಯಲ್ಲ. ಆದರೆ ತಾನು ಮಾಡಲಿರುವ ಕೆಲಸದ ಬೆಲೆಯನ್ನು ಕೇಳುವುದು ಅಸಭ್ಯತೆ ಎಂಬ ಭಾವನೆಯನ್ನು ಮಾತ್ರ ಬಿಟ್ಟುಬಿಡಬೇಕು. ಹೆಸರಿಲ್ಲದ ಒಂದು ಚೀಟಿಗಾಗಿ ಯಾವ ಮಗಳೂ ಇಪ್ಪತ್ತು ವರ್ಷ ಕಾಯುವಂತಾಗಬಾರದು.